ಹಳೇ ಪಿಕಪ್‌ನ ಗೇರ್ ಆಯಿಲ್: ಬದಲಿಸಿದರೆ ಬಾಕ್ಸ್ ಕೂತುಬಿಡುತ್ತದೆಯೇ?

ಪ್ರಶ್ನೆ: ಸರ್, ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಆರು ತಿಂಗಳ ಹಿಂದೆ 2014ರ ಬೊಲೆರೋ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಮೀಟರ್ 1,38,000 ಕಿ.ಮೀ. ತೋರಿಸುತ್ತಿದೆ. ಸರ್ವಿಸ್ ಪುಸ್ತಕ ಸಿಕ್ಕಿಲ್ಲ. ಎಂಜಿನ್ ಆಯಿಲ್, ಫಿಲ್ಟರ್ ಮಾತ್ರ ಬದಲಿಸಿದ್ದೇನೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮೂರರಿಂದ ಎರಡನೇ ಗೇರಿಗೆ ಇಳಿಸಿದರೆ ಕರ್ರ್ ಅನ್ನುತ್ತದೆ, ಐದಾರು ಕಿಲೋಮೀಟರ್ ಓಡಿದ ಮೇಲೆ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ 50–60ರಲ್ಲಿ ಹೋಗುವಾಗ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ ಗುಂಯ್ ಅಂತ ಶಬ್ದ. ಒಬ್ಬ ಮೇಸ್ತ್ರಿ ‘ಎಲ್ಲದಕ್ಕೂ 140ರ ದಪ್ಪ ಆಯಿಲ್ ಹಾಕಿ, ಶಬ್ದ ನಿಲ್ಲುತ್ತೆ’ ಅಂದರು. ಇನ್ನೊಬ್ಬರು ‘ಇಷ್ಟು ವರ್ಷದ ಆಯಿಲ್ ಮುಟ್ಟಲೇಬೇಡಿ, ಹೊಸದು ಹಾಕಿದರೆ ಸೀಲೆಲ್ಲ ಹೋಗಿ ಬಾಕ್ಸೇ ಕೂತುಬಿಡುತ್ತೆ’ ಅಂತ ಹೆದರಿಸಿದರು. ಮಳೆಗಾಲದಲ್ಲಿ ತೋಟದೊಳಗಿನ ಹಳ್ಳ ದಾಟಿಸಿದ್ದೇನೆ, ನೀರು ಹಬ್‌ವರೆಗೂ ಬಂದಿತ್ತು. ಎಲ್ಲೆಲ್ಲಿ ಏನು ಬದಲಿಸಬೇಕು, ಎಷ್ಟು ಬೇಕು, ಶೆಡ್ಡಿನಲ್ಲಿ ನಾನೇ ಮಾಡಬಹುದೇ? ಅಂದ ಹಾಗೆ, ಹಿಂದಿನ ಬಲಗಡೆ ಚಕ್ರದ ಒಳಮೈಯಲ್ಲಿ ಸ್ವಲ್ಪ ಎಣ್ಣೆ ಜಿಡ್ಡು ಕಾಣುತ್ತಿದೆ. ಅದೇನೂ ದೊಡ್ಡದಲ್ಲ ಅಂದುಕೊಂಡಿದ್ದೇನೆ.

ಉತ್ತರ: ನೀವು ಕೊನೆಯಲ್ಲಿ ‘ಅಂದ ಹಾಗೆ’ ಎಂದು ಬರೆದ ಸಾಲಿನಿಂದಲೇ ಶುರು ಮಾಡೋಣ. ಇಡೀ ಪತ್ರದಲ್ಲಿ ಇವತ್ತೇ ನೋಡಬೇಕಾದ ವಿಷಯ ಅದೊಂದೇ. ಗೇರಿನ ಕರ್ರ್ ಇನ್ನೊಂದು ತಿಂಗಳು ಕಾಯಬಲ್ಲದು, ಚಕ್ರದ ಒಳಗಿನ ಜಿಡ್ಡು ಕಾಯುವುದಿಲ್ಲ. ಹಿಂದಿನ ಆಕ್ಸಲ್‌ನ ಆಯಿಲ್ ಸೀಲ್ ಸೋರಿದರೆ ಆ ಎಣ್ಣೆ ಸೇರುವುದು ಬ್ರೇಕ್ ಡ್ರಮ್ಮಿನೊಳಕ್ಕೆ. ಬ್ರೇಕ್ ಶೂ ಎಣ್ಣೆ ಕುಡಿದರೆ ಒಂದು ಪಕ್ಕ ಹಿಡಿದು ಇನ್ನೊಂದು ಪಕ್ಕ ಜಾರುತ್ತದೆ. ಹಿಂದೆ ಹತ್ತು ಜನ ಆಳುಗಳನ್ನೋ ಹದಿನೈದು ಮೂಟೆ ಕಾಫಿಯನ್ನೋ ಹೇರಿಕೊಂಡು ಒದ್ದೆ ಇಳಿಜಾರಿನಲ್ಲಿ ಬರುವಾಗ ಗಾಡಿಯ ಹಿಂಭಾಗ ಅಡ್ಡ ತಿರುಗಲು ಅಷ್ಟು ಸಾಕು.

ಡ್ರಮ್ ಬಿಚ್ಚಿಸಿ ನೋಡಿ. ದಪ್ಪಗಿದ್ದು ಕೊಳೆತ ಬೆಳ್ಳುಳ್ಳಿಯಂಥ ಗಂಧಕದ ವಾಸನೆ ಬಂದರೆ ಅದು ಹೌಸಿಂಗ್ ಆಯಿಲ್, ಅಂದರೆ ಹಿಂದಿನ ಆಕ್ಸಲ್ಲಿನ ಗೇರುಗಳ ಗೂಡಿನೊಳಗಿನ ಎಣ್ಣೆ. ತೆಳ್ಳಗಿದ್ದು, ನೀರು ಹಾಕಿದರೆ ತೊಳೆದುಹೋದರೆ ಅದು ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಎರಡರಲ್ಲಿ ಯಾವುದೇ ಆದರೂ ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು, ಉಜ್ಜಿ ಮತ್ತೆ ಹಾಕುವ ಪದ್ಧತಿ ಬೇಡ. ಒಮ್ಮೆ ಬಿಸಿಯಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಶೂಗಳನ್ನು ಎಡ ಬಲ ಎರಡೂ ಕಡೆ ಜೊತೆಯಾಗಿ ಬದಲಿಸಿ.

ಹೌಸಿಂಗ್ ಆಯಿಲ್ ಆಗಿದ್ದರೆ ಸೀಲ್ ಬದಲಿಸುವ ಮೊದಲು ಅದು ಯಾಕೆ ಸೋರಿತು ಎಂದು ತಿಳಿಯಬೇಕು. ಹಿಂದಿನ ಆಕ್ಸಲ್ಲಿನ ಮೇಲ್ಮೈಯಲ್ಲಿ ಬ್ರೀದರ್ ಎಂಬ ಸಣ್ಣ ಟೋಪಿಯೋ ಚಾಸಿಯತ್ತ ಹೋಗುವ ತೆಳು ಪೈಪೋ ಇರುತ್ತದೆ. ತೋಟದ ಗಾಡಿಗಳಲ್ಲಿ ಅದು ಕೆಮ್ಮಣ್ಣು ಮೆತ್ತಿ ಮುಚ್ಚಿಹೋಗಿರುವುದೇ ಹೆಚ್ಚು. ಗಾಡಿ ಓಡಿ ಹೌಸಿಂಗ್ 25 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿಯಾದರೆ ಒಳಗಿನ ಗಾಳಿಯ ಒತ್ತಡ ಶೇಕಡಾ 18ರಷ್ಟು ಏರುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಒತ್ತಡ ಸೀಲಿನ ತುಟಿಯನ್ನು ಎತ್ತಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಹಳ್ಳಕ್ಕೆ ಇಳಿದಾಗ ಇದು ತಿರುಗುಮುರುಗಾಗುತ್ತದೆ. ಬಿಸಿ ಹೌಸಿಂಗ್ ತಣ್ಣೀರಿನಲ್ಲಿ ತಟ್ಟನೆ ತಣಿದು ಒಳಗಿನ ಗಾಳಿ ಕುಗ್ಗುತ್ತದೆ, ಅದೇ ಸೀಲಿನ ಸಂದಿಯಿಂದ ನೀರು ಒಳಗೆಳೆದುಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಹೊರಗೆ ಜಿಡ್ಡು ಬಂದಿದ್ದಕ್ಕೂ, ಬಹುಶಃ ಒಳಗೆ ನೀರು ಹೋಗಿರುವುದಕ್ಕೂ ಒಂದೇ ಕಾರಣ ಇರಬಹುದು. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಿಂದ ಊದಿ ನೋಡಿ, ಗಾಳಿ ಸರಾಗವಾಗಿ ಹೋಗಬೇಕು. ಅದನ್ನು ಸರಿಮಾಡದೆ ಸೀಲ್ ಹಾಕಿದರೆ ಬರುವ ಮಳೆಗಾಲಕ್ಕೆ ಮತ್ತೆ ಅದೇ ಕೆಲಸ. ಹಾಗೆಯೇ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಬೇರಿಂಗಿನಲ್ಲಿ ಆಟ ಇದ್ದರೆ, ಅಥವಾ ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಉಗುರಿಗೆ ತಾಗುವಂಥ ಗೆರೆ ಬಿದ್ದಿದ್ದರೆ, ಹೊಸ ಸೀಲೂ ನಿಲ್ಲುವುದಿಲ್ಲ.

ಈಗ ‘ಮುಟ್ಟಬೇಡಿ’ ಅನ್ನುವ ಸಲಹೆಗೆ ಬರುತ್ತೇನೆ. ಇದು ಬರಿಯ ಮೂಢನಂಬಿಕೆಯಲ್ಲ, ತಪ್ಪು ವಿಳಾಸಕ್ಕೆ ಬಂದ ಕಾಗದ. ಮಾತು ಹುಟ್ಟಿದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ವಿಷಯದಲ್ಲಿ. ಅವುಗಳ ಒಳಗೆ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳಿರುತ್ತವೆ. ಪ್ಲೇಟಿನ ಲೈನಿಂಗ್ ಸವೆದು ಗಾಡಿ ಎಳೆಯದೆ ಜಾರತೊಡಗಿದ ಮೇಲೆಯೇ ಅನೇಕರು ಆಯಿಲ್ ಬದಲಿಸಲು ಹೋಗುತ್ತಾರೆ. ಬದಲಿಸಿದ ವಾರಕ್ಕೆ ಬಾಕ್ಸ್ ನಿಲ್ಲುತ್ತದೆ, ಅಪವಾದ ಹೊಸ ಆಯಿಲ್ಲಿನ ತಲೆಗೆ. ಆ ಬಾಕ್ಸ್ ಮೊದಲೇ ಹೋಗಿತ್ತು. ನಿಮ್ಮ ಮ್ಯಾನುಯಲ್ ಬಾಕ್ಸಿನೊಳಗೆ ಹಾಗೆ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಇಲ್ಲವೇ ಇಲ್ಲ. ಕ್ಲಚ್ ಇರುವುದು ಹೊರಗೆ, ಒಣ ಜಾಗದಲ್ಲಿ.

ಸೀಲಿನ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಒಪ್ಪುತ್ತೇನೆ. ಗಟ್ಟಿಯಾಗಿ ಬಿರುಕು ಬಿಟ್ಟ ಸೀಲಿನ ಸುತ್ತ ಹಳೇ ಮಡ್ಡಿಯೂ ಧೂಳೂ ಮೆತ್ತಿ ಸೋರಿಕೆಯನ್ನು ಅಡಗಿಸಿರಬಹುದು. ಆಯಿಲ್ ಇಳಿದಿದ್ದ ಬಾಕ್ಸಿಗೆ ಪೂರ್ತಿ ಮಟ್ಟದವರೆಗೆ ತುಂಬಿದಾಗ ಅದುವರೆಗೆ ಒಣಗಿದ್ದ ಸೀಲಿಗೆ ಎಣ್ಣೆ ತಾಗಿ ಜಿನುಗುವುದೂ ಉಂಟು. ಆಗ ಸೀಲ್ ಬದಲಿಸಬೇಕು, ಅಷ್ಟೇ. ಸೋರಲಿ ಬಿಡಲಿ, ಸತ್ತ ಆಯಿಲ್ಲಿನಲ್ಲಿ ಬೇರಿಂಗ್ ತಿರುಗಿಸುತ್ತಿರುವುದಕ್ಕೆ ಅದು ಸಮರ್ಥನೆಯಾಗದು.

ಇನ್ನು ಎಲ್ಲದಕ್ಕೂ 140. ಈ ಸಲಹೆಯೇ ನನಗೆ ಹೆಚ್ಚು ಭಯ, ಏಕೆಂದರೆ ಇದು ಕೆಲಸ ಮಾಡಿದಂತೆ ಕಾಣುತ್ತದೆ. ದಪ್ಪ ಎಣ್ಣೆ ಸವೆದ ಹಲ್ಲುಗಳ ನಡುವೆ ಮೆತ್ತೆಯಂತೆ ಕೂತು ಶಬ್ದವನ್ನು ನುಂಗುತ್ತದೆ. ಸವೆತ ಮಾತ್ರ ಮುಂದುವರಿಯುತ್ತಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಲ್ಲಿ ಕೆಲವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಮರದ ಹೊಟ್ಟು ಬೆರೆಸಿ ಹೌಸಿಂಗ್ ಶಬ್ದ ಅಡಗಿಸುವುದೂ ಹಳೆಯ ವಿದ್ಯೆಯೇ. ನಿಮ್ಮ ಎರಡನೇ ಗೇರ್ ತಣ್ಣಗಿರುವಾಗ ಮಾತ್ರ ಕರ್ರ್ ಅನ್ನುತ್ತದೆ ಎಂದಾಗ ನನಗೆ ಮೊದಲು ಬಂದ ಅನುಮಾನವೇ ಇದು: ಹಿಂದಿನವರು ಗೇರ್‌ಬಾಕ್ಸಿಗೂ ಹೌಸಿಂಗ್ ಆಯಿಲ್ಲನ್ನೇ ಸುರಿದಿರಬಹುದು.

ಯಾಕೆ ಹಾಗೆ ಆಗುತ್ತದೆ ಎಂದು ತಿಳಿಯಲು ಎರಡು ಬಾಕ್ಸಿನ ಒಳಗೆ ನಡೆಯುವ ಕೆಲಸವೇ ಬೇರೆ ಎಂಬುದನ್ನು ಗಮನಿಸಬೇಕು. ಹಿಂದಿನ ಹೌಸಿಂಗಿನಲ್ಲಿ ಕ್ರೌನ್ ಎಂಬ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಗೇರ್ ಇವೆ. ಪಿನಿಯನ್ ಶಾಫ್ಟ್ ಕ್ರೌನಿನ ನಡುಮಧ್ಯಕ್ಕೆ ಬರದೆ ಸ್ವಲ್ಪ ಕೆಳಗೆ ಸರಿದಿರುತ್ತದೆ, ಹೈಪಾಯ್ಡ್ ಎನ್ನುವುದು ಇದಕ್ಕೇ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರುತ್ತ ಉಜ್ಜುತ್ತವೆ. ಬರೀ ಎಣ್ಣೆಯ ಪದರ ಅಲ್ಲಿ ಹರಿದುಹೋಗುತ್ತದೆ. ಅದಕ್ಕಾಗಿ ಗಂಧಕ ಮತ್ತು ರಂಜಕದ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಬಿಸಿಯಾದ ಹಲ್ಲಿನ ಮೇಲೆ ಅವು ಒಂದು ತೆಳು ರಕ್ಷಾಪದರ ಕಟ್ಟುತ್ತವೆ. ಗೇರ್ ಆಯಿಲ್ಲಿನ ಜಿಎಲ್-5 ದರ್ಜೆಯಲ್ಲಿ ಈ ರಾಸಾಯನಿಕ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು.

ಗೇರ್‌ಬಾಕ್ಸಿನೊಳಗೆ ಬೇಕಾಗುವುದು ಇದಕ್ಕೆ ತದ್ವಿರುದ್ಧ ಗುಣ. ನೀವು ಮೂರರಿಂದ ಎರಡಕ್ಕೆ ಇಳಿಸಿದಾಗ ಸಿಂಕ್ರೊನೈಸರ್ ರಿಂಗ್ ಎಂಬ ಹಿತ್ತಾಳೆ ಬಳೆ ಎರಡನೇ ಗೇರಿನ ಶಂಕುವಿಗೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡುತ್ತದೆ. ಆಮೇಲಷ್ಟೇ ಹಲ್ಲು ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ಆ ಬಳೆ ಒಂದು ಪುಟ್ಟ ಬ್ರೇಕ್ ಇದ್ದ ಹಾಗೆ, ಹಿಡಿತ ಬೇಕು. ಜಿಎಲ್-5 ಅಲ್ಲಿ ಜಾರಿಸುತ್ತದೆ. 140ರ ದಪ್ಪ ಎಣ್ಣೆಯಾದರೆ ಡಿಸೆಂಬರ್ ಬೆಳಗಿನ ಚಳಿಗೆ ಕಾಕಂಬಿಯಂತಾಗಿ ಬಳೆಯ ಗೀರುಗಳಿಂದ ಸರಿದು ಜಾಗ ಬಿಡುವುದೇ ಇಲ್ಲ. ಬಿಸಿಯಾದರೆ ತೆಳುವಾಗಿ ಸರಿಹೋಗುತ್ತದೆ. ನೀವು ಹೇಳಿದ ಲಕ್ಷಣ ಅದೇ. ಹಿತ್ತಾಳೆ ತಿನ್ನುತ್ತದೆ ಎಂದು ಜಿಎಲ್-5ರ ಮೇಲೆ ಇನ್ನೊಂದು ದೂರೂ ಇದೆ. ಹೆಚ್ಚು ಬಿಸಿಯಲ್ಲಿ ಅದರಲ್ಲೂ ಹುರುಳಿದೆ, ಆದರೆ ದಿನನಿತ್ಯ ಕಾಡುವುದು ಹಿಡಿತದ ತೊಂದರೆಯೇ. ಒಟ್ಟಿನಲ್ಲಿ ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವು ಅಂಕಪಟ್ಟಿಯ ಅಂಕಗಳಲ್ಲ, ಬೇರೆ ಬೇರೆ ಕೆಲಸದ ಗುರುತುಗಳು.

ದಪ್ಪದ ನಂಬರಿನಲ್ಲೂ ಒಂದು ಗೊಂದಲವಿದೆ. 90 ಎಂಬ ಗೇರ್ ಆಯಿಲ್ 40ರ ಎಂಜಿನ್ ಆಯಿಲ್ಲಿಗಿಂತ ಎರಡು ಪಟ್ಟು ದಪ್ಪ ಎಂದು ಎಷ್ಟೋ ಜನ ತಿಳಿದಿದ್ದಾರೆ. ಎರಡಕ್ಕೂ ಅಳತೆಗೋಲೇ ಬೇರೆ. 100 ಡಿಗ್ರಿಯಲ್ಲಿ 90ರ ಗೇರ್ ಆಯಿಲ್ ಹೆಚ್ಚು ಕಡಿಮೆ 40–50ರ ಎಂಜಿನ್ ಆಯಿಲ್ಲಿನಷ್ಟೇ ದಪ್ಪ. ಇಸುಜು ಕಂಪನಿ ತನ್ನ ಹಳೆಯ ಕೆಲವು ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಎಂಜಿನ್ ಆಯಿಲ್ಲನ್ನೇ ಸೂಚಿಸಿತ್ತು, ಅವು ಚೆನ್ನಾಗಿಯೇ ಓಡಿದವು. ಅದನ್ನು ನೋಡಿ ನಿಮ್ಮ ಗಾಡಿಗೂ ಸುರಿಯಬೇಡಿ. ಆಯಾ ಬಾಕ್ಸ್ ಮಾಡಿದವರು ಹೇಳಿದ್ದು ಆಯಾ ಬಾಕ್ಸಿಗೆ.

ನಿಮ್ಮ ಗಾಡಿಯಲ್ಲಿ ಹೀಗೆ ಬೇರೆ ಬೇರೆ ನಾಲ್ಕು ಬಾಕ್ಸುಗಳಿವೆ: ಗೇರ್‌ಬಾಕ್ಸ್, ಅದರ ಬೆನ್ನಿಗಂಟಿ ಎಳೆತವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದಿನ ಹೌಸಿಂಗ್, ಮುಂದಿನ ಡಿಫರೆನ್ಷಿಯಲ್ (ಮುಂದಿನ ಆಕ್ಸಲ್ಲಿನ ಅಂಥದೇ ಗೂಡು). ಮುಂದಿನದನ್ನು ಬಹಳ ಮಂದಿ ಮರೆತೇಬಿಡುತ್ತಾರೆ, ಹನ್ನೆರಡು ವರ್ಷ ಕಾರ್ಖಾನೆಯ ಎಣ್ಣೆಯಲ್ಲೇ ಓಡಿದ ಗಾಡಿಗಳಿವೆ. ಹಿಂದೆ ಮುಂದೆ ಎರಡಕ್ಕೂ ಸಾಮಾನ್ಯವಾಗಿ ಜಿಎಲ್-5 ದರ್ಜೆ, ದಪ್ಪದ ನಂಬರ್ 80ಡಬ್ಲ್ಯೂ-90. ಸಿಂಕ್ರೊ ಇರುವ ಮ್ಯಾನುಯಲ್ ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4, 75ಡಬ್ಲ್ಯೂ ಅಥವಾ 80ಡಬ್ಲ್ಯೂನಿಂದ ಶುರುವಾಗುವ 90. ಟ್ರಾನ್ಸ್‌ಫರ್ ಕೇಸಿನಲ್ಲಿ ಮಾತ್ರ ಊಹೆ ಬೇಡ. ಒಳಗೆ ಚೈನ್ ಇರುವ ಕೇಸುಗಳಿಗೆ ಹೆಚ್ಚಾಗಿ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ), ಗೇರುಗಳೇ ಇರುವವಕ್ಕೆ ಗೇರ್ ಆಯಿಲ್. ಇದರದ್ದು ಅದಕ್ಕೆ ಹಾಕಿದರೆ ಚೈನೂ ಒಳಗಿನ ಆಯಿಲ್ ಪಂಪೂ ನರಳುತ್ತವೆ. ಪುಸ್ತಕ ಇಲ್ಲ ಅಂದಿರಿ. ಚಾಸಿ ನಂಬರ್ ಬರೆದುಕೊಂಡು ಕಂಪನಿಯ ಅಧಿಕೃತ ಸರ್ವಿಸ್ ಕೌಂಟರಿನಲ್ಲಿ ನಾಲ್ಕೂ ಬಾಕ್ಸಿನ ದರ್ಜೆ, ಅಳತೆ ಕೇಳಿ. ಐದು ನಿಮಿಷದ ಕೆಲಸ. ಅದೇ ವರ್ಷದ ಗಾಡಿಗೂ ಬಾಕ್ಸ್ ಬೇರೆ ಇರಬಹುದು, ಆದ್ದರಿಂದ ಪಕ್ಕದ ತೋಟದವರ ಕ್ಯಾಂಪರಿಗೆ ಹಾಕಿದ್ದನ್ನು ಕೇಳಿ ಬರಬೇಡಿ.

ಕೊಳ್ಳುವ ಲೆಕ್ಕಕ್ಕೆ ಅಂದಾಜು: ಈ ಗಾತ್ರದ ಪಿಕಪ್‌ಗಳಲ್ಲಿ ಗೇರ್‌ಬಾಕ್ಸಿಗೆ 2ರಿಂದ 2.5 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 1ರಿಂದ 1.5, ಹಿಂದಿನ ಹೌಸಿಂಗಿಗೆ 1.5ರಿಂದ 2, ಮುಂದಿನದಕ್ಕೆ 1ರಿಂದ 1.5 ಹಿಡಿಯುತ್ತದೆ. ಎಲ್ಲ ಸೇರಿದರೂ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ. ಹಿಂದಿನ ಹೌಸಿಂಗಿಗೆ ಎರಡು ಸಲ ಬದಲಿಸುವಷ್ಟು ತಂದಿಟ್ಟುಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ. ಮುಚ್ಚಳದ ಸೀಲ್ ಒಡೆಯದ ಡಬ್ಬಿಯನ್ನೇ ಕೊಳ್ಳಿ. ಬ್ಯಾರೆಲ್‌ನಿಂದ ಅಳೆದು ಕೊಡುವ ಆಯಿಲ್ ಯಾವುದೆಂದು ಕೊಡುವವನಿಗೂ ಗೊತ್ತಿರುವುದಿಲ್ಲ.

ಆಯಿಲ್ ಇಳಿಸುವ ಮೊದಲು ಗಾಡಿಯನ್ನು ಒಂದು ದಿನ ಕಿವಿಗೊಟ್ಟು ಓಡಿಸಿ. ಎಣ್ಣೆ ಬದಲಾದರೆ ಶಬ್ದವೂ ಬದಲಾಗಿ ರೋಗ ಮುಚ್ಚಿಹೋಗುತ್ತದೆ. ಗಾಡಿ ನಿಂತಿದ್ದಾಗ ಕ್ಲಚ್ ಪೂರ್ತಿ ಒತ್ತಿ, ನಾಲ್ಕು ಸೆಕೆಂಡ್ ಎಣಿಸಿ, ರಿವರ್ಸ್ ಹಾಕಿ. ಆಗಲೂ ಹಲ್ಲು ಕರ್ರ್ ಅಂದರೆ ತಪ್ಪು ಗೇರ್ ಆಯಿಲ್ಲಿನದಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಹೈಡ್ರಾಲಿಕ್ ಆಗಿದ್ದರೆ ಅದರ ಎಣ್ಣೆ, ಸಿಲಿಂಡರ್ ನೋಡಿಸಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗರಗರ ಇದ್ದು ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿದೆ. ಐದು ಗೇರಿನ ಇಂಥ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್, ಭಾರ ಕೆಳಗಿನ ಲೇ ಶಾಫ್ಟಿನ ಮೂಲಕ ಹಾದುಹೋಗುವುದಿಲ್ಲ. ಶಬ್ದ ಉಳಿದ ಗೇರುಗಳಲ್ಲಿ ಇದ್ದು ನಾಲ್ಕರಲ್ಲಿ ಮಾತ್ರ ಮಾಯವಾದರೆ ಬೆರಳು ತೋರಿಸಬೇಕಾದ್ದು ಆ ಶಾಫ್ಟಿನ ಬೇರಿಂಗಿನ ಕಡೆಗೆ.

ನಿಮ್ಮ ಗುಂಯ್ ಶಬ್ದ ಆಕ್ಸಿಲರೇಟರ್ ಬಿಟ್ಟಾಗ ಬರುತ್ತದೆ, ಒತ್ತಿದಾಗ ಇಲ್ಲ. ಬಿಟ್ಟಾಗ ಚಕ್ರ ಎಂಜಿನ್ನನ್ನು ತಿರುಗಿಸತೊಡಗುತ್ತದೆ, ಕ್ರೌನ್ ಹಲ್ಲಿನ ಇನ್ನೊಂದು ಮೈ ಭಾರ ಹೊರುತ್ತದೆ, ಪಿನಿಯನ್ ಎದುರು ದಿಕ್ಕಿಗೆ ಸರಿಯಲು ನೋಡುತ್ತದೆ. ಪಿನಿಯನ್ ಬೇರಿಂಗ್ ಸಡಿಲವಾಗಿದ್ದರೆ ಹಾಡುವುದು ಆಗಲೇ. ಆಯಿಲ್ ಇಳಿದು ಬರಿದಾಗಿರುವುದರಿಂದಲೂ ಇರಬಹುದು, ಬಲಗಡೆ ಸೋರಿಕೆ ಇದೆಯಲ್ಲ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್ಲಿಗೆ ಬರುವ ಉದ್ದ ಶಾಫ್ಟ್) ಬಂದು ಸೇರುವ, ಹೌಸಿಂಗಿನ ಮೂತಿಯಲ್ಲಿರುವ ಫ್ಲ್ಯಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಹೋಗಿದೆ, ಯಾವ ಎಣ್ಣೆಯೂ ಅದನ್ನು ಉಳಿಸುವುದಿಲ್ಲ. ಶಬ್ದ ಒತ್ತಿದಾಗಲೂ ಬಿಟ್ಟಾಗಲೂ ಒಂದೇ ಸಮ ಇದ್ದಿದ್ದರೆ ವೀಲ್ ಬೇರಿಂಗನ್ನೋ ಟೈರನ್ನೋ ಅನುಮಾನಿಸುತ್ತಿದ್ದೆ.

ನೀವೇ ಮಾಡಬಹುದೇ ಅಂದರೆ, ಮಾಡಬಹುದು, ಆದರೆ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಹಿಂದಿನದನ್ನಷ್ಟೇ ಜಾಕ್‌ನಲ್ಲಿ ಎತ್ತಿ ತುಂಬಿದರೆ ಮಟ್ಟ ಸುಳ್ಳು ಹೇಳುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಬೇಕು, ಮಣ್ಣುನೆಲವಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಪಟ್ಟಣದ ವಾಟರ್ ಸರ್ವಿಸ್‌ನವರ ಪಿಟ್ ಅರ್ಧ ದಿನ ಸಿಕ್ಕರೆ ಅದೇ ವಾಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಯ ಎರಡು ಮೂರನ್ನು ಮಣ್ಣುರಸ್ತೆಯಲ್ಲಿ ಫೋರ್ ವೀಲ್ ಹಾಕಿ ಬನ್ನಿ. ಟಾರಿನ ಮೇಲೆ ಹಾಕಬೇಡಿ, ಮುಂದಿನ ಹಿಂದಿನ ಆಕ್ಸಲ್ ಬಿಗಿದುಕೊಳ್ಳುತ್ತವೆ. ಬೆಚ್ಚಗಿನ ಆಯಿಲ್ ಮಡ್ಡಿಯನ್ನೂ ಎಳೆದುಕೊಂಡು ಇಳಿಯುತ್ತದೆ.

ಕೆಲಸದ ಮೊದಲ ನಿಯಮ ಒಂದೇ: ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳಿ. ವರ್ಷಗಟ್ಟಲೆ ತೆಗೆಯದ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಮೊದಲು ತೆಗೆದು ಎಣ್ಣೆಯೆಲ್ಲ ಇಳಿಸಿ, ಆಮೇಲೆ ಮೇಲಿನದು ಬರದಿದ್ದರೆ ಗಾಡಿ ಅಲ್ಲೇ ಲಂಗರು. ಕಚ್ಚಿದ್ದರೆ ಸುತ್ತ ವೈರ್ ಬ್ರಷ್ ಹಾಕಿ ಮಣ್ಣು ಉದುರಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ಲಗ್ಗಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಹಗುರ ಪೆಟ್ಟು ಕೊಟ್ಟು, ಸರಿ ಅಳತೆಯ ರಿಂಗ್ ಪಾನವನ್ನೋ (ಸ್ಪ್ಯಾನರ್) ಬಾಕ್ಸ್ ಪಾನವನ್ನೋ ಹಾಕಿ. ತಲೆಯಲ್ಲಿ ಚೌಕ ಗುಳಿ ಇರುವ ಪ್ಲಗ್ಗಿಗೆ ಅದರದೇ ಕೀಲಿ ಬೇಕು. ಅಡ್ಜಸ್ಟಬಲ್ ಪಾನ ಹಾಕಿ ಮೂಲೆ ಉರುಳಿಸಿಕೊಂಡರೆ ಕೊನೆಗೆ ಪ್ಲಗ್ ಮೇಲೆ ನಟ್ ವೆಲ್ಡ್ ಮಾಡಿ ತೆಗೆಯುವ ಪಾಡು.

ಒಂದೊಂದು ಬಾಕ್ಸಿನ ಎಣ್ಣೆಯನ್ನೂ ಬೇರೆ ಬೇರೆ ಅಳತೆಯ ಕ್ಯಾನಿಗೆ ಇಳಿಸಿ, ಬೆರೆಸಬೇಡಿ. ಎಷ್ಟು ಬಂತು ಎಂದು ಬರೆದಿಡಿ. ಹೊಸ ಆಯಿಲ್ ಹಾಕುವುದಕ್ಕಿಂತ ಈ ಹಳೆಯದನ್ನು ನೋಡುವುದೇ ದೊಡ್ಡ ಕೆಲಸ. ಗೇರ್‌ಬಾಕ್ಸಿನಿಂದ ಒಂದೂಕಾಲು ಲೀಟರ್ ಮಾತ್ರ ಬಂದು ಟ್ರಾನ್ಸ್‌ಫರ್ ಕೇಸಿನಿಂದ ಎರಡೂವರೆ ಸುರಿದರೆ ಎಣ್ಣೆ ಎಲ್ಲೂ ಸೋರಿಲ್ಲ, ಎರಡರ ನಡುವಿನ ಸೀಲ್ ಹೋಗಿ ಒಂದರಿಂದ ಇನ್ನೊಂದಕ್ಕೆ ದಾಟಿದೆ. ಹೊರಗಿನಿಂದ ನೋಡಿದರೆ ಒಂದು ಹನಿಯೂ ಕಾಣದ ರೋಗ ಇದು. ಆ ಸೀಲ್ ಹಾಕದೆ ತುಂಬಿದರೆ ಗೇರ್‌ಬಾಕ್ಸ್ ಮತ್ತೆ ಬತ್ತುತ್ತದೆ.

ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಮೆತ್ತಿದ್ದನ್ನು ಬೆರಳಲ್ಲಿ ಉಜ್ಜಿ. ವಿಭೂತಿಯಂತೆ ನುಣ್ಣಗಿನ ಬೂದು ಲೇಪ ಇಷ್ಟು ಓಡಿದ ಗಾಡಿಯಲ್ಲಿ ಸಹಜ, ಚಿಂತೆ ಬೇಡ. ಚುಚ್ಚುವ ಚೂರು, ಹೊಳೆಯುವ ಹಾಳೆಯಂಥ ಸಿಬಿರು, ಹಲ್ಲಿನ ಮೂಲೆಯಂಥ ತುಂಡು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಆ ಬಾಕ್ಸನ್ನು ಬಿಚ್ಚಿಸಬೇಕು. ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿಯಂತೆ ಮಿನುಗಿದರೆ ಅದು ಸಿಂಕ್ರೊ ಬಳೆಯ ಹಿತ್ತಾಳೆ. ಸ್ವಲ್ಪ ಇದ್ದರೆ ಪರವಾಗಿಲ್ಲ, ಬಹಳ ಇದ್ದರೆ ಎರಡನೇ ಗೇರಿನ ಕರ್ರ್ ಎಣ್ಣೆಯಿಂದ ಪೂರ್ತಿ ಹೋಗಲಾರದು ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹೊಟ್ಟು, ನಾರು ಸಿಕ್ಕರೆ ಮಾರಿದವರ ಕೈಚಳಕ ಬಯಲಾಯಿತು.

ಹಿಂದಿನ ಹೌಸಿಂಗಿನದು ಹಾಲು ಹಾಕಿದ ಕಾಫಿಯ ಬಣ್ಣದಲ್ಲಿ ಬಂದರೆ ನೀರು ಸೇರಿದೆ. ನಿಮ್ಮ ಹಳ್ಳದ ಕಥೆ ಕೇಳಿದರೆ ಹೆಚ್ಚು ಸಾಧ್ಯತೆ ಅದೇ. ಅದಕ್ಕೇ ಎರಡು ಸಲಕ್ಕಾಗುವಷ್ಟು ತನ್ನಿ ಅಂದಿದ್ದು. ಪೂರ್ತಿ ಇಳಿಸಿ, ಸರಿಯಾದ ದರ್ಜೆಯ ಕಡಿಮೆ ಬೆಲೆಯ ಆಯಿಲ್ ತುಂಬಿ, 20–30 ಕಿ.ಮೀ. ಭಾರವಿಲ್ಲದೆ ಓಡಿಸಿ, ಬಿಸಿಯಲ್ಲೇ ಮತ್ತೆ ಇಳಿಸಿ, ಆಮೇಲೆ ಒಳ್ಳೆಯದನ್ನು ತುಂಬಿ. ಡೀಸೆಲ್ಲೋ ಸೀಮೆಎಣ್ಣೆಯೋ ಹಾಕಿ ಚಕ್ರ ತಿರುಗಿಸಿ ತೊಳೆಯುವ ರೂಢಿ ಕೆಲವೆಡೆ ಇದೆ, ಬೇಡ. ಆಕ್ಸಲ್ ಟ್ಯೂಬಿನಲ್ಲೂ ಬೇರಿಂಗ್ ಗೂಡುಗಳಲ್ಲೂ ಅರ್ಧ ಲೋಟದಷ್ಟು ಉಳಿದೇ ಉಳಿಯುತ್ತದೆ, ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ.

ಡ್ರೈನ್ ಪ್ಲಗ್ ವಾಪಸು ಹಾಕುವಾಗ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಹೊಸದು ಹಾಕಿ, ಹಳೆಯದು ಒಮ್ಮೆ ಚಪ್ಪಟೆಯಾದರೆ ಮುಗಿಯಿತು. ವಾಷರ್ ಇಲ್ಲದ ಮೊನಚು ಮರೆಯ (ಥ್ರೆಡ್) ಪ್ಲಗ್ ಆಗಿದ್ದರೆ ಮರೆಗೆ ಸ್ವಲ್ಪ ಸೀಲಂಟ್ ಸಾಕು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸುಗಳ ಮೈ ಹೆಚ್ಚಾಗಿ ಅಲ್ಯೂಮಿನಿಯಂ. ಪಾನಕ್ಕೆ ಪೈಪ್ ಸಿಕ್ಕಿಸಿ ತೋಳುಬಲ ತೋರಿಸಿದರೆ ಮರೆ ಕಿತ್ತು ಬರುತ್ತದೆ, ಆಮೇಲೆ ಹೊಸ ಮರೆ ಕೂರಿಸುವ ಖರ್ಚು ಆಯಿಲ್ಲಿನ ಖರ್ಚನ್ನೂ ಮೀರುತ್ತದೆ.

ತುಂಬಲು ಕೈ ಪಂಪ್ ಬೇಕು, ಇಲ್ಲದಿದ್ದರೆ ಡಬ್ಬಿಯ ಮೂತಿಗೆ ಅರ್ಧ ಮೀಟರ್ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ ಹಿಂಡಬಹುದು. ಡಬ್ಬಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟರೆ ಕೈ ನೋಯುವುದಿಲ್ಲ. ಫಿಲ್ಲರ್ ತೂತಿನ ಕೆಳಅಂಚಿಗೆ ಎಣ್ಣೆ ಬಂದು ದಾರದಂತೆ ಹೊರಗೆ ಇಳಿಯತೊಡಗಿದಾಗ ನಿಲ್ಲಿಸಿ, ಹತ್ತು ನಿಮಿಷ ಕಾದು ಮತ್ತೆ ನೋಡಿ. ಒಳಗೆ ಬೇರಿಂಗ್, ಟ್ಯೂಬುಗಳಿಗೆ ಹರಿದು ಮಟ್ಟ ಇಳಿದಿರುತ್ತದೆ, ಇನ್ನಷ್ಟು ಹಿಡಿಯುತ್ತದೆ. ಕಿರುಬೆರಳು ತೂರಿಸಿ ಬಾಗಿಸಿದರೆ ಅಂಚಿನಲ್ಲೇ ಎಣ್ಣೆ ತಾಗಬೇಕು. ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಗಾಡಿ ವಾಲಿಸಿ ತುಂಬಬೇಡಿ. ಹೆಚ್ಚಾದ ಎಣ್ಣೆ ನೊರೆಗಟ್ಟಿ ಬಿಸಿಯಾಗಿ, ಸೀಲಿನಿಂದ ಅದೇ ಬ್ರೇಕ್ ಡ್ರಮ್ಮಿಗೇ ಹೋಗುತ್ತದೆ.

ನೀವು ಗಾಡಿಯ ಕೆಳಗೆ ಇರುವಾಗಲೇ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸ್‌ಗಳಿಗೂ ಜಾರುವ ಸ್ಪ್ಲೈನಿಗೂ ಗ್ರೀಸ್ ಗನ್ ಹಿಡಿಯಿರಿ. ನಿಪ್ಪಲ್ ಇದ್ದರೆ ನಾಲ್ಕೂ ಕಡೆಯಿಂದ ಹೊಸ ಗ್ರೀಸ್ ಹೊರಬರುವವರೆಗೆ ಒತ್ತಿ. ಒಂದು ಕಡೆ ಮಾತ್ರ ಬರದಿದ್ದರೆ ಅಲ್ಲಿನ ಸೂಜಿ ಬೇರಿಂಗ್ ಒಣಗಿದೆ. ಗಾಡಿ ಹೊರಡುವಾಗ ಠಕ್ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನಿಮ್ಮ ಮುಂದೆ ಇರುವ ದಾರಿಗಳು ಏನೇನು? ನನ್ನ ಆಯ್ಕೆ ಕೇಳಿದರೆ: ಬ್ರೀದರ್, ಬಲಗಡೆ ಸೀಲ್, ಎರಡೂ ಕಡೆ ಬ್ರೇಕ್ ಶೂ ಮೊದಲು. ಅದರ ಜೊತೆಗೇ ಹಿಂದಿನ ಹೌಸಿಂಗ್ ಆಯಿಲ್, ಏಕೆಂದರೆ ಆಕ್ಸಲ್ ಶಾಫ್ಟ್ ಎಳೆದಾಗ ಹೇಗೂ ಒಂದಷ್ಟು ಚೆಲ್ಲುತ್ತದೆ. ಉಳಿದ ಮೂರು ಬಾಕ್ಸ್ ಅದೇ ವಾರದಲ್ಲಿ. ಗೇರ್‌ಬಾಕ್ಸಿಗೆ ಸರಿಯಾದ ಜಿಎಲ್-4 ಹಾಕಿದ ಮೇಲೆ 300–500 ಕಿ.ಮೀ. ಕಾಯಿರಿ, ಹಳೆಯ ದಪ್ಪ ಎಣ್ಣೆಯ ಉಳಿಕೆ ಬಳೆಗಳಿಂದ ಬಿಡಲು ಸಮಯ ಬೇಕು. ಕರ್ರ್ ಅರ್ಧಕ್ಕಿಂತ ಕಡಿಮೆಯಾದರೆ ಗೆದ್ದಿರಿ. ಆಗದಿದ್ದರೆ ಎರಡನೇ ಗೇರಿನ ಬಳೆ ಸವೆದಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಮತ್ತೆ ಒತ್ತಿ ಹಾಕುವ ಹಳೇ ಲಾರಿ ಡ್ರೈವರುಗಳ ಪದ್ಧತಿಯಲ್ಲಿ ಅದನ್ನು ಇನ್ನೂ ಕೆಲವು ವರ್ಷ ಓಡಿಸಬಹುದು. ಬಾಕ್ಸ್ ಬಿಚ್ಚುವ ಅವಸರ ಇಲ್ಲ.

ಹೌಸಿಂಗ್ ವಿಷಯದಲ್ಲಿ ಅಂಥ ಸಡಿಲಿಕೆ ಕೊಡಲಾರೆ. ಮಟ್ಟ ಸರಿ ಮಾಡಿದ ಮೇಲೂ ಗುಂಯ್ ಹಾಗೇ ಇದ್ದು ಫ್ಲ್ಯಾಂಜಿನಲ್ಲಿ ಆಟವೂ ಇದ್ದರೆ, ಪಿನಿಯನ್ ಬೇರಿಂಗ್ ಈಗಲೇ ಬದಲಿಸಿದರೆ ಬೇರಿಂಗಿನ ಖರ್ಚು ಮಾತ್ರ. ಒಂದು ಕುಯ್ಲು ಮುಗಿಯಲಿ ಎಂದು ಮುಂದೂಡಿದರೆ ಹಲ್ಲುಗಳ ಕೂಟ ಕೆಟ್ಟು ಕ್ರೌನ್-ಪಿನಿಯನ್ ಜೋಡಿಯನ್ನೇ ಹಾಕಬೇಕಾಗುತ್ತದೆ. ಪಿನಿಯನ್ನಿನ ಬಿಗಿ, ಹಲ್ಲಿನ ಸಂದು ಎರಡನ್ನೂ ಡಯಲ್ ಗೇಜ್ ಇಟ್ಟು ಅಳೆಯಬಲ್ಲವರ ಹತ್ತಿರ ಮಾತ್ರ ಇದನ್ನು ಮಾಡಿಸಿ. ಗೇಜ್ ಇಲ್ಲದೆ ಕೈ ಅಂದಾಜಿನಲ್ಲಿ ಕಟ್ಟಿದ ಹೌಸಿಂಗ್ ಸಾವಿರ ಕಿಲೋಮೀಟರಿಗೆ ಮತ್ತೆ ಹಾಡುತ್ತದೆ.

ಮುಂದಿನ ಸಲ ಎಷ್ಟು ಕಿಲೋಮೀಟರಿಗೆ ಎಂದರೆ, ಟಾರಿನಲ್ಲೇ ಓಡುವ ಗಾಡಿಗೆ ಕಂಪನಿ ಹೇಳಿದ ಲೆಕ್ಕ ಸಾಕು. ಹಳ್ಳ ದಾಟುವ ಗಾಡಿಗೆ ಮೀಟರ್ ಲೆಕ್ಕ ಬೇಡ, ಪಂಚಾಂಗದ ಲೆಕ್ಕ ಇಡಿ. ಮಳೆ ನಿಂತ ಮೇಲೆ, ಅರೇಬಿಕಾ ಕುಯ್ಲು ಶುರುವಾಗುವ ಮುನ್ನ, ಅಕ್ಟೋಬರ್ ಕೊನೆಗೆ ಒಮ್ಮೆ ಎರಡೂ ಆಕ್ಸಲ್ಲಿನ ಡ್ರೈನ್ ಪ್ಲಗ್ ಸಡಿಲಿಸಿ ಅರ್ಧ ಲೋಟ ಇಳಿಸಿ ನೋಡಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಶುದ್ಧವಾಗಿದ್ದರೆ ಅಷ್ಟನ್ನು ಮೇಲಿನಿಂದ ತುಂಬಿ ಮುಚ್ಚಿ.

ಇಳಿಸಿದ ಏಳೆಂಟು ಲೀಟರ್ ಹಳೇ ಎಣ್ಣೆಯನ್ನು ಬೇಲಿಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವುದು ತೋಟಗಳಲ್ಲಿ ರೂಢಿ. ಬೇಡ ಎನ್ನಬೇಕಾಗಿದೆ. ಮಳೆಗೆ ಅದು ತೊಳೆದು ನೇರ ಹಳ್ಳಕ್ಕೆ ಸೇರುತ್ತದೆ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡಬ್ಬಿಗಳಿಗೇ ವಾಪಸು ತುಂಬಿ, ಹಳೇ ಎಣ್ಣೆ ಸಂಗ್ರಹಿಸಿ ಅಧಿಕೃತವಾಗಿ ಸಾಗಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಆದರೆ ಪ್ರತಿ ಬಾಕ್ಸಿನದೂ ಒಂದೊಂದು ಸಣ್ಣ ಗಾಜಿನ ಬಾಟಲಿಯಷ್ಟು ತೆಗೆದಿಟ್ಟು, ಯಾವ ಬಾಕ್ಸ್, ಎಷ್ಟು ಕಿ.ಮೀ. ಎಂದು ಚೀಟಿ ಅಂಟಿಸಿ. ಬರುವ ಅಕ್ಟೋಬರಿನಲ್ಲಿ ಇಳಿಯುವ ಎಣ್ಣೆಯನ್ನು ಅದರ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.